ಮಳೆ, ಮಸಿ, ಮಣ್ಣು: ಮಾಡೆಲ್ ರೈಲು ಎಂಜಿನ್‌ಗೆ ನಿಜದ ಕಳೆ ತರುವುದು ಹೇಗೆ

ಕೊಡಗಿನಲ್ಲಿ ರೈಲು ಹಳಿ ಇಲ್ಲ. ಇಡೀ ಜಿಲ್ಲೆಯಲ್ಲಿ ಒಂದು ಸ್ಟೇಷನ್ ಕೂಡ ಇಲ್ಲ. ಮಡಿಕೇರಿಯವರು ರೈಲು ಹತ್ತಲು ಮೈಸೂರಿಗೆ ಇಳಿಯುತ್ತಾರೆ. ವಿರಾಜಪೇಟೆಯವರು ಮಾಕುಟ್ಟ ಘಾಟಿ ಇಳಿದು ಕಣ್ಣೂರಿಗೋ ತಲಶ್ಶೇರಿಗೋ ಹೋಗುತ್ತಾರೆ. ಶನಿವಾರಸಂತೆ ಕಡೆಯ ನಮಗೆ ಸಕಲೇಶಪುರ ಹತ್ತಿರ. ಹತ್ತನೇ ಕ್ಲಾಸಿನ ರಜೆಯಲ್ಲಿ ಅಪ್ಪ ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ಘಾಟಿ ಹತ್ತಿ ಬಂದ ಗೂಡ್ಸ್ ಗಾಡಿಯೊಂದು ಪ್ಲಾಟ್‌ಫಾರ್ಮ್ ಪಕ್ಕ ನಿಂತಿತ್ತು. ಎಂಜಿನ್ನಿನ ಮೈ ಪೂರ್ತಿ ಒದ್ದೆ. ಮೇಲ್ಭಾಗ ತೊಳೆದ ಹಾಗೆ ಸ್ವಚ್ಛ, ಸೊಂಟದಿಂದ ಕೆಳಗೆ ಕೆಂಪು ಕೆಸರು. ಆ ಚಿತ್ರ ಇವತ್ತಿಗೂ ಕಣ್ಣಲ್ಲಿದೆ. ಮನೆಯ ಮೇಜಿನ ಮೇಲೆ ನಾನು ಮಾಡಲು ನೋಡುವುದು ಆ ಎಂಜಿನ್ನನ್ನೇ.

ಪೆಟ್ಟಿಗೆಯಿಂದ ತೆಗೆದ ಮಾಡೆಲ್ ಎಂಜಿನ್ ಪ್ಲಾಸ್ಟಿಕ್ಕಿನ ಹೊಳಪಿನಲ್ಲೇ ಆಟಿಕೆ ಎಂದು ಹೇಳಿಬಿಡುತ್ತದೆ. ಆ ಹೊಳಪು ಹೋಗಲಿ ಎಂದು ತುಂಬಾ ಜನ ಮೈಗೆಲ್ಲಾ ಕಂದು ಬಣ್ಣ ಬಳಿಯುತ್ತಾರೆ. ಆಗ ಅದು ಕೆಸರಿಗೆ ಬಿದ್ದ ಆಟಿಕೆಯಾಗುತ್ತದೆ, ಅಷ್ಟೇ. ಎಂಜಿನ್ನಿನ ಮೈಮೇಲಿನ ಪ್ರತಿ ಕಲೆಗೂ ಒಂದು ಕಾರಣ ಇರುತ್ತದೆ. ಮಳೆ ಎಲ್ಲಿಂದ ಇಳಿಯಿತು, ಮಸಿ ಎಲ್ಲಿ ಕೂತಿತು, ಲೋಕೋ ಪೈಲಟ್ ಎಲ್ಲಿ ಕಾಲಿಟ್ಟು ಹತ್ತಿದರು. ಕಾರಣ ಗೊತ್ತಾದರೆ ಬಣ್ಣ ಎಲ್ಲಿಗೆ ಹಚ್ಚಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ. ಈ ಲೇಖನದ ಎಲ್ಲಾ ಹಂತಗಳೂ ಈ ಒಂದು ಮಾತಿನ ಮೇಲೆ ನಿಂತಿವೆ.

ನಾನು ಕೆಲಸ ಮಾಡುವುದು ಎಚ್‌ಓ ಅಳತೆಯಲ್ಲಿ. ಅಂದರೆ ನಿಜದ 87 ಅಡಿ ಮಾದರಿಯಲ್ಲಿ 1 ಅಡಿ. ಬೇರೆ ಅಳತೆಯವರೂ ಇದನ್ನೇ ಅನುಸರಿಸಬಹುದು, ತಂತಿಯ ದಪ್ಪ ಮತ್ತು ವೇಗದ ಲೆಕ್ಕ ಮಾತ್ರ ಬದಲಾಗುತ್ತದೆ.

1. ಮೊದಲು ನೋಡಿ

ಬ್ರಷ್ ಮುಟ್ಟುವ ಮೊದಲು ಒಂದೇ ಒಂದು ನಿಜವಾದ ಎಂಜಿನ್ ಆರಿಸಿಕೊಳ್ಳಿ. "ಡೀಸೆಲ್ ಎಂಜಿನ್" ಅಂದರೆ ಸಾಲದು. ಇಂಥ ನಂಬರಿನ, ಇಂಥ ಶೆಡ್ಡಿನ (ಎಂಜಿನ್ ಇಟ್ಟು ಆರೈಕೆ ಮಾಡುವ ಜಾಗ), ಇಂಥ ತಿಂಗಳಲ್ಲಿ ನೋಡಿದ ಎಂಜಿನ್ ಅಂತ ಇರಬೇಕು. ನಾನು ಆರಿಸಿಕೊಂಡದ್ದು ಹುಬ್ಬಳ್ಳಿ ಶೆಡ್ಡಿನ ಒಂದು ಡಬ್ಲ್ಯೂಡಿಜಿ-4. ಇದು ಅಮೆರಿಕದ ಇಎಂಡಿ ಕಂಪನಿಯ ವಿನ್ಯಾಸದ, 4000 ಅಶ್ವಶಕ್ತಿಯ ಗೂಡ್ಸ್ ಎಂಜಿನ್. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿ ಸುಮಾರು 55 ಕಿಲೋಮೀಟರ್, ಏರು 50ಕ್ಕೆ 1. ಅಂಥ ಏರಿನಲ್ಲಿ ಭಾರದ ಗಾಡಿಗೆ ಹಿಂದಿನಿಂದ ತಳ್ಳಲು ಬ್ಯಾಂಕರ್ ಎಂಜಿನ್ ಕೂಡ ಬೇಕಾಗುತ್ತದೆ. ಇಷ್ಟು ದುಡಿಯುವ ಎಂಜಿನ್ನಿನ ಮೈ ಬಯಲುಸೀಮೆಯಲ್ಲಿ ಓಡುವ ಎಂಜಿನ್ನಿನ ಹಾಗೆ ಇರುವುದಿಲ್ಲ.

ಫೋಟೋ ತೆಗೆಯುವಾಗ ಪ್ಲಾಟ್‌ಫಾರ್ಮ್ ಬಿಟ್ಟು ಕೆಳಗೆ ಇಳಿಯಬೇಡಿ. ಘಾಟಿಯ ಹಳಿ ಮೇಲೆ ನಡೆಯುವುದು ಕಾನೂನಿಗೆ ವಿರುದ್ಧ. ಸುರಂಗ, ಸೇತುವೆ ತುಂಬಿದ ದಾರಿಯಲ್ಲಿ ಅದು ಜೀವಕ್ಕೂ ಅಪಾಯ. ಸ್ಟೇಷನ್ನಿನಲ್ಲೇ ಬೇಕಾದ್ದೆಲ್ಲಾ ಸಿಗುತ್ತದೆ. ಎರಡೂ ಪಕ್ಕ, ಮುಂಭಾಗ, ಚಕ್ರದ ಸುತ್ತ, ಮತ್ತು ಮೇಲ್ಸೇತುವೆಯಿಂದ ಎಂಜಿನ್ನಿನ ಮಾಡು (ಛಾವಣಿ). ಮಾಡಿನ ಫೋಟೋ ಮರೆಯಲೇಬೇಡಿ. ಮಾದರಿಯನ್ನು ನಾವು ಜಾಸ್ತಿ ನೋಡುವುದು ಮೇಲಿನಿಂದಲೇ ಅಲ್ವಾ? ಉಗಿ ಎಂಜಿನ್ ಮಾಡುವವರಿಗೆ ಮೈಸೂರಿನ ರೈಲು ಮ್ಯೂಸಿಯಂ ಇದೆ. 1979ರಲ್ಲಿ ಶುರುವಾದ ಜಾಗ. ಅಲ್ಲಿ ಎಂಜಿನ್ನಿನ ಪಕ್ಕದಲ್ಲೇ ನಿಂತು ಒಂದೊಂದು ರಿವೆಟ್ಟನ್ನೂ ನೋಡಬಹುದು. ಆದರೆ ಮ್ಯೂಸಿಯಂನ ಎಂಜಿನ್‌ಗೆ ಹೊಸ ಬಣ್ಣ ಬಳಿದಿರುತ್ತಾರೆ. ಅದರಿಂದ ಆಕಾರ ಕಲಿಯಿರಿ, ಕೊಳೆ ಕಲಿಯಬೇಡಿ.

ಕೊಳೆ ಕಲಿಯಲು ರೈಲೇ ಬೇಕಾಗಿಲ್ಲ. ನಾಲ್ಕು ತಿಂಗಳು ಮಳೆ ತಿನ್ನುವ ಊರಿನಲ್ಲಿ ಇದ್ದೇವೆ. ತೋಟದ ಜೀಪಿನ ಚಕ್ರದ ಹಿಂದೆ ಕೆಸರು ಯಾವ ಆಕಾರದಲ್ಲಿ ಎರಚಿದೆ ನೋಡಿ. ಕಾಫಿ ಸ್ಟೋರಿನ ತಗಡಿನ ಮಾಡಿನಲ್ಲಿ ತುಕ್ಕು ಶುರುವಾಗುವುದು ಮೊಳೆಯ ಸುತ್ತ, ಆಮೇಲೆ ಅದು ನೀರು ಹರಿದ ದಾರಿಯಲ್ಲೇ ಕೆಳಗೆ ಗೆರೆ ಎಳೆಯುತ್ತದೆ. ಗೆರೆ ಮೇಲೆ ದಪ್ಪ, ಕೆಳಗೆ ಬರಬರುತ್ತಾ ತೆಳು. ಬಚ್ಚಲೊಲೆಯ ಮೇಲಿನ ಹೆಂಚಿನ ಮಸಿ ನಡುವಲ್ಲಿ ಕಪ್ಪು, ಅಂಚಿನಲ್ಲಿ ಕಂದು. ಗೇಟಿನ ಕಬ್ಬಿಣದಲ್ಲಿ ಕೈ ಹಿಡಿಯುವ ಜಾಗ ಮಾತ್ರ ಮಿರಿಮಿರಿ. ಈ ನಾಲ್ಕನ್ನೂ ಫೋನಿನಲ್ಲಿ ತೆಗೆದು ಇಟ್ಟುಕೊಂಡಿದ್ದೇನೆ. ಎಂಜಿನ್‌ಗೆ ಬಣ್ಣ ಹಚ್ಚುವಾಗ ರೈಲಿನ ಫೋಟೋಗಿಂತ ಇವನ್ನೇ ಜಾಸ್ತಿ ನೋಡುತ್ತೇನೆ.

2. ಬಿಚ್ಚಿ, ತೊಳೆಯಿರಿ

ಬಾಡಿಯನ್ನು ಚಾಸಿಯಿಂದ, ಅಂದರೆ ಮೋಟಾರ್ ಮತ್ತು ಚಕ್ರ ಇರುವ ತಳದಿಂದ, ಬೇರೆ ಮಾಡಿ. ಕೆಲವಕ್ಕೆ ತಳದಲ್ಲಿ ಸ್ಕ್ರೂ ಇರುತ್ತದೆ, ಕೆಲವು ಕೊಂಡಿಯಲ್ಲಿ ಕೂತಿರುತ್ತವೆ. ಬಲ ಹಾಕಬೇಡಿ. ಬಿಚ್ಚುವ ಪ್ರತಿ ಹಂತದಲ್ಲಿ ಒಂದು ಫೋಟೋ ತೆಗೆಯಿರಿ, ಸ್ಕ್ರೂಗಳನ್ನು ಒಂದು ಬಟ್ಟಲಿಗೆ ಹಾಕಿ. ಬಾಡಿಯನ್ನು ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿದ ಬೆಚ್ಚಗಿನ ನೀರಿನಲ್ಲಿ, ಮೃದು ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಕೈಯ ಜಿಡ್ಡು ಉಳಿದರೆ ಅಲ್ಲಿ ಬಣ್ಣ ಹಿಡಿಯುವುದಿಲ್ಲ. ಒಣಗಿದ ಮೇಲೆ ಅಂಚಿನಲ್ಲಿ ಮಾತ್ರ ಹಿಡಿಯಿರಿ.

ಭಾರತೀಯ ಎಂಜಿನ್ನಿನ ಮಾದರಿಗಳು ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಅದಕ್ಕೇ ತುಂಬಾ ಜನ 3ಡಿ ಪ್ರಿಂಟ್ ಮಾಡಿಸಿದ ಬಾಡಿಯನ್ನು ವಿದೇಶಿ ಚಾಸಿಯ ಮೇಲೆ ಕೂರಿಸುತ್ತಾರೆ. ನಿಮ್ಮದೂ ಅಂಥದ್ದಾದರೆ ಪ್ರಿಂಟಿನ ಪದರದ ಗೆರೆಗಳನ್ನು ಈಗಲೇ ತೆಗೆಯಬೇಕು. 400 ನಂಬರಿನ ಪಾಲಿಶ್ ಪೇಪರ್, ಮೇಲೊಂದು ಪ್ರೈಮರ್ (ಬಣ್ಣಕ್ಕೂ ಮೊದಲು ಹೊಡೆಯುವ ತಳಪದರ), ಆಮೇಲೆ 600, ಮತ್ತೆ ಪ್ರೈಮರ್, ಕೊನೆಗೆ 1000. ಪೇಪರನ್ನು ನೀರಿನಲ್ಲಿ ಅದ್ದಿ ಉಜ್ಜಿ, ಪುಡಿ ಹಾರುವುದಿಲ್ಲ. ಬೇಜಾರಿನ ಕೆಲಸ, ಆದರೆ ಇಲ್ಲಿ ಬಿಟ್ಟ ಗೆರೆ ಕೊಳೆ ಹಚ್ಚುವಾಗ ಎದ್ದು ಕಾಣುತ್ತದೆ.

3. ಕೈಹಿಡಿಗಳನ್ನು ತಂತಿಯಲ್ಲಿ ಮಾಡಿ

ಬರೀ ಒಂದೇ ಬದಲಾವಣೆ ಮಾಡುವಷ್ಟು ಸಮಯ ನಿಮಗಿದ್ದರೆ, ಇದನ್ನು ಮಾಡಿ. ಕಡಿಮೆ ಬೆಲೆಯ ಮಾದರಿಗಳಲ್ಲಿ ಕೈಹಿಡಿಗಳು ಬಾಡಿಗೇ ಅಂಟಿದ ಉಬ್ಬುಗೆರೆಗಳು. ಅವಕ್ಕೆ ನೆರಳು ಬೀಳುವುದಿಲ್ಲ. ತಂತಿಯ ಕೈಹಿಡಿ ಹಾಕಿದರೆ ಅದರ ಹಿಂದೆ ಬೆಳಕು ಹಾಯುತ್ತದೆ, ಬಾಡಿ ಮೇಲೆ ಸಣ್ಣ ನೆರಳು ಬೀಳುತ್ತದೆ. ಆ ನೆರಳೇ ಮಾದರಿಗೆ ಜೀವ ತರುವುದು.

ದಪ್ಪದ ಲೆಕ್ಕ ಸುಲಭ. ನಿಜದ ಕೈಹಿಡಿ ಸುಮಾರು 32 ಮಿಲಿಮೀಟರ್ ದಪ್ಪ ಅಂದುಕೊಳ್ಳಿ. 87ರಿಂದ ಭಾಗಿಸಿದರೆ 0.37 ಮಿಲಿಮೀಟರ್. ಇಷ್ಟು ತೆಳು ಹಿತ್ತಾಳೆ ತಂತಿಗೆ ಬೆಂಗಳೂರಿಗೋ ಆನ್‌ಲೈನಿಗೋ ಹೋಗಬೇಕು ಎಂದು ಮೊದಲು ಅಂದುಕೊಂಡಿದ್ದೆ. ಆಮೇಲೆ ಹೊಳೆಯಿತು, ನಮ್ಮಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವ ಕಾಲದಲ್ಲಿ ಎಷ್ಟು ಪಂಪ್‌ಸೆಟ್ ಸುಟ್ಟುಹೋಗುತ್ತವೆ! ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಎಲ್ಲಾ ದಪ್ಪದ ತಾಮ್ರದ ತಂತಿ ಇರುತ್ತದೆ.

"ಅಣ್ಣಾ, ಇಪ್ಪತ್ತೆಂಟನೇ ಗೇಜ್ ತಂತಿ ಬೇಕಿತ್ತು."

"ಯಾವ ಮೋಟಾರಿಗೆ? ಎಷ್ಟು ಕೆಜಿ?"

"ಮೋಟಾರಿಗಲ್ಲ ಅಣ್ಣಾ. ನಾಲ್ಕು ಮೀಟರ್ ಸಾಕು. ಮೂವತ್ತನೇದೂ ಅಷ್ಟೇ ಕೊಡಿ."

ಅವರು ಉಳಿದ ತುಂಡುಗಳನ್ನು ಸುತ್ತಿ ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ಮುಂದಿನ ಸಲ ಮುಗಿದ ಎಂಜಿನ್ ಒಯ್ದು ತೋರಿಸಿದೆ. ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು.

28 ಗೇಜ್ ಅಂದರೆ 0.376 ಮಿಲಿಮೀಟರ್, 30 ಗೇಜ್ ಅಂದರೆ 0.315. ದಪ್ಪದ್ದು ಮೆಟ್ಟಿಲ ಪಕ್ಕದ ಕೈಹಿಡಿಗೆ, ತೆಳುವಾದದ್ದು ಗಾಜಿನ ಸುತ್ತಲಿನ ಸಣ್ಣ ಹಿಡಿಗಳಿಗೆ.

ಸುರುಳಿಯಲ್ಲಿದ್ದ ತಂತಿ ನೆಟ್ಟಗಿರುವುದಿಲ್ಲ. ಒಂದು ತುದಿಯನ್ನು ವೈಸ್‌ನಲ್ಲಿ ಕಚ್ಚಿಸಿ, ಇನ್ನೊಂದನ್ನು ಇಕ್ಕಳದಲ್ಲಿ ಹಿಡಿದು ನಿಧಾನಕ್ಕೆ ಎಳೆಯಿರಿ. ತಂತಿ ಒಂದು ಚೂರು ಉದ್ದವಾದ ಹಾಗೆ ಕೈಗೆ ಗೊತ್ತಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಈಗ ಅದು ಗೆರೆ ಎಳೆದಷ್ಟು ನೇರ, ಮೊದಲಿಗಿಂತ ಗಟ್ಟಿ ಕೂಡ. ಮೇಲಿನ ಇನಾಮಲ್ ಲೇಪವನ್ನು ಪಾಲಿಶ್ ಪೇಪರಿನಲ್ಲಿ ಉಜ್ಜಿ ತೆಗೆಯಿರಿ, ಇಲ್ಲದಿದ್ದರೆ ಬಣ್ಣ ಸುಲಿದು ಬರುತ್ತದೆ.

ಹಳೆಯ ಉಬ್ಬುಗೆರೆಯ ಎರಡೂ ತುದಿಯಲ್ಲಿ ಮೊದಲು ಸೂಜಿಯಿಂದ ಗುರುತು ಮಾಡಿ. ಆಮೇಲೆ ಹರಿತ ಬ್ಲೇಡಿನಿಂದ ಗೆರೆಯನ್ನು ತೆಳ್ಳಗೆ ಹೆರೆದು ತೆಗೆಯಿರಿ. ಗೆರೆ ತೆಗೆದ ಮೇಲೆ ಗುರುತು ಮಾಡಲು ಹೋದರೆ ಜಾಗ ತಪ್ಪುತ್ತದೆ. 0.4 ಮಿಲಿಮೀಟರ್ ಬಿಟ್ ಹಾಕಿದ ಕೈ ಡ್ರಿಲ್‌ನಿಂದ ಗುರುತಿನ ಮೇಲೆ ತೂತು ಕೊರೆಯಿರಿ. ಕರೆಂಟ್ ಡ್ರಿಲ್ ಬೇಡ, ಪ್ಲಾಸ್ಟಿಕ್ ಕರಗುತ್ತದೆ. ತಂತಿಯನ್ನು ಹಿಡಿಯ ಆಕಾರಕ್ಕೆ ಬಗ್ಗಿಸಿ ತೂರಿಸಿ. ಬಾಡಿಗೂ ತಂತಿಗೂ ನಡುವೆ ಒಂದು ಅಳತೆಯ ಕಾರ್ಡ್ ತುಂಡು ಇಟ್ಟರೆ ಎಲ್ಲಾ ಹಿಡಿಗಳೂ ಒಂದೇ ದೂರದಲ್ಲಿ ಕೂರುತ್ತವೆ. ಒಳಗಿನಿಂದ ಸೂಪರ್ ಗ್ಲೂ ಒಂದು ಚುಕ್ಕೆ. ಹೊರಗಿನಿಂದ ಅಂಟು ಹಾಕಬೇಡಿ, ಬಿಳಿ ಮಂಜು ಹಿಡಿದ ಹಾಗೆ ಕಲೆ ಉಳಿಯುತ್ತದೆ.

4. ಮುಖ

ಎಂಜಿನ್ನಿನ ಮುಂಭಾಗದಲ್ಲಿ ಕೆಲವೇ ಕೆಲಸ ಹೇಳುತ್ತೇನೆ. ಮಾದರಿಯ ಜೊತೆ ಬರುವ ದೊಡ್ಡ ಕೊಕ್ಕೆಯನ್ನು ತೆಗೆದು ನಕಲ್ ಕಪ್ಲರ್ (ಮಡಚಿದ ಬೆರಳಿನ ಆಕಾರದ, ಗಾಡಿಗೆ ಗಾಡಿ ಜೋಡಿಸುವ ಕೊಂಡಿ) ಹಾಕಿ. ಕೇಡಿ ಕಂಪನಿಯ 5ನೇ ನಂಬರಿನದು ಎಚ್‌ಓದಲ್ಲಿ ಎಲ್ಲರೂ ಬಳಸುವಂಥದ್ದು. ನಮ್ಮ ಬ್ರಾಡ್ ಗೇಜ್ ಡೀಸೆಲ್ ಎಂಜಿನ್‌ಗಳಲ್ಲಿ ಕಪ್ಲರಿನ ಎರಡೂ ಪಕ್ಕ ಬಫರ್ (ಗುದ್ದು ತಡೆಯುವ ದುಂಡು ತಟ್ಟೆ) ಕೂಡ ಇರುತ್ತದೆ, ಅಮೆರಿಕದ ಎಂಜಿನ್‌ಗಳಲ್ಲಿ ಇರುವುದಿಲ್ಲ. ವಿದೇಶಿ ಮಾದರಿಗೆ ನಮ್ಮ ಬಣ್ಣ ಹೊಡೆಯುವವರು ಬಫರ್ ಮರೆತರೆ ನೋಡಿದ ತಕ್ಷಣ ಏನೋ ಕಮ್ಮಿ ಅನ್ನಿಸುತ್ತದೆ. ಬಫರಿನ ಮುಖದ ನಡುವೆ ಒಂದು ಚೂರು ಗ್ರೀಸ್ ಕಲೆ ಹಾಕಿ. ಬ್ರೇಕ್ ಪೈಪುಗಳನ್ನು ಕಪ್ಪು ಸಿಪ್ಪೆಯ ತೆಳು ವೈರಿನಲ್ಲಿ ಮಾಡಬಹುದು. ಅವು ಭಾರಕ್ಕೆ ಜೋತುಬೀಳಬೇಕು, ಕೋಲಿನ ಹಾಗೆ ನಿಲ್ಲಬಾರದು.

5. ಬಣ್ಣ ಯಾವಾಗ ಹೊಡೆಯಬೇಕು

ನಮ್ಮ ಊರಿನವರಿಗೆ ಇದು ಬಹಳ ಮುಖ್ಯ. ನನ್ನ ಮೊದಲ ಎಂಜಿನ್‌ಗೆ ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಹೊಡೆದದ್ದು ಪುಷ್ಯ ಮಳೆ ಹಿಡಿದಿದ್ದ ವಾರದಲ್ಲಿ. ಹತ್ತು ನಿಮಿಷದಲ್ಲಿ ಇಡೀ ಮೈ ಬೆಳ್ಳಗಾಯಿತು, ಬೂಷ್ಟು ಹಿಡಿದ ಚಪ್ಪಲಿ ತರ. ಎರಡು ತಿಂಗಳ ಕೆಲಸ. ಆ ರಾತ್ರಿ ನಿದ್ದೆ ಬರಲಿಲ್ಲ.

ತಿನ್ನರ್ ಬೇಗ ಆವಿಯಾಗುವಾಗ ಬಣ್ಣದ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಅದು ಆ ತಣ್ಣನೆ ಮೈ ಮೇಲೆ ನೀರಾಗಿ ಕೂತು ಪದರದ ಒಳಗೆ ಸಿಕ್ಕಿಕೊಳ್ಳುತ್ತದೆ. ಆ ನೀರೇ ಬಿಳಿಯಾಗಿ ಕಾಣುವುದು. ಡಬ್ಬಿಯನ್ನು ಸರಿಯಾಗಿ ಕುಲುಕದಿದ್ದರೂ ಹೀಗಾಗುತ್ತದೆ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ತೇವವೇ ಕಾರಣ ಎಂದು ಧೈರ್ಯವಾಗಿ ಹೇಳಬಹುದು. ಒಣ ದಿನ ನೋಡಿ ಮೇಲೊಂದು ತೆಳು ಗ್ಲಾಸ್ (ಹೊಳಪಿನ) ವಾರ್ನಿಷ್ ಹೊಡೆದರೆ ಬಹಳ ಸಲ ಬಿಳುಪು ಮಾಯವಾಗುತ್ತದೆ. ನನ್ನ ಎಂಜಿನ್ ಹಾಗೇ ಉಳಿಯಿತು, ಆದರೆ ಡಿಸೆಂಬರ್‌ವರೆಗೆ ಕಾಯಬೇಕಾಯಿತು.

ಈಗ ನಾನು ಸ್ಪ್ರೇ ಕೆಲಸವನ್ನೆಲ್ಲಾ ಡಿಸೆಂಬರ್‌ನಿಂದ ಫೆಬ್ರುವರಿ ಒಳಗೆ ಮುಗಿಸುತ್ತೇನೆ. ಕಣದಲ್ಲಿ ಕಾಫಿ ಒಣಗುವ ಕಾಲ ಬಣ್ಣ ಒಣಗುವುದಕ್ಕೂ ಒಳ್ಳೆಯ ಕಾಲ. ಬೆಳಗಿನ ಮಂಜು ಹೋಗಲಿ, ಹನ್ನೊಂದು ಗಂಟೆಯಿಂದ ಮೂರರವರೆಗೆ ಹೊಡೆಯಿರಿ. ಕಣದ ಹತ್ತಿರ ಮಾತ್ರ ಬೇಡ, ಕಾಫಿ ಎಳೆಯುವಾಗ ಧೂಳು ಹಾರುತ್ತದೆ. ಗಾಳಿಯ ತೇವ ತೋರಿಸುವ ಸಣ್ಣ ಡಿಜಿಟಲ್ ಮೀಟರ್ ಒಂದು ಕೊಳ್ಳಿ. ಅದು 70 ಶೇಕಡಾ ದಾಟಿದರೆ ನಾನು ಡಬ್ಬಿ ಮುಟ್ಟುವುದಿಲ್ಲ. ಮಳೆಗಾಲವನ್ನು ತಂತಿ, ಡ್ರಿಲ್, ಬ್ರಷ್ ಕೆಲಸಕ್ಕೆ ಇಟ್ಟುಕೊಳ್ಳಿ. ಹೊರಗೆ ಧೋ ಎಂದು ಸುರಿಯುವಾಗ ಒಳಗೆ ಕೂತು ಕೈಹಿಡಿ ಬಗ್ಗಿಸುವಷ್ಟು ನೆಮ್ಮದಿ ಬೇರೆ ಇಲ್ಲ.

ಮೂಲ ಬಣ್ಣದ ಬಗ್ಗೆ ಒಂದು ಮಾತು. ನಿಜದ ಎಂಜಿನ್ನಿನ ಬಣ್ಣವನ್ನೇ ತಂದು ಹೊಡೆದರೆ ಮಾದರಿ ಗಾಢವಾಗಿ ಕಾಣುತ್ತದೆ. ದೂರದ ಬೆಟ್ಟ ಹತ್ತಿರದ ಬೆಟ್ಟಕ್ಕಿಂತ ತಿಳಿಯಾಗಿ ಕಾಣುತ್ತದಲ್ಲ, ಹಾಗೆ ಮಾದರಿಗೂ ಬಣ್ಣ ತಿಳಿ ಮಾಡಬೇಕು. ನನ್ನ ಡಬ್ಲ್ಯೂಡಿಜಿ-4ರ ಕೇಸರಿಗೆ ಕೆನೆ ಬಣ್ಣ ಸ್ವಲ್ಪ ಬೆರೆಸಿದೆ. ಬಿಳಿ ಬೆರೆಸಿದರೆ ಕೇಸರಿ ಗುಲಾಬಿ ಕಡೆ ತಿರುಗುತ್ತದೆ. ಕಪ್ಪು ಬೇಕಾದ ಕಡೆಯೆಲ್ಲಾ ಗಾಢ ಬೂದು ಹಾಕಿ. ಏರ್‌ಬ್ರಷ್ (ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಸಣ್ಣ ಗನ್) ಇದ್ದರೆ ಆಕ್ರಿಲಿಕ್ ಬಣ್ಣವನ್ನು ಹಾಲಿನಷ್ಟು ತೆಳು ಮಾಡಿ, 15ರಿಂದ 20 ಪಿಎಸ್‌ಐ ಒತ್ತಡದಲ್ಲಿ ಮೂರು ನಾಲ್ಕು ತೆಳು ಪದರ ಹೊಡೆಯಿರಿ. ಮೂಗು ಬಾಯಿಗೆ ಮಾಸ್ಕ್ ಇರಲಿ, ಕಿಟಕಿ ತೆರೆದಿರಲಿ.

6. ನಂಬರ್ ಮತ್ತು ಅಕ್ಷರ

ಡೆಕಾಲ್ (ನಂಬರ್, ಅಕ್ಷರ ಪ್ರಿಂಟ್ ಆದ ತೆಳು ಸ್ಟಿಕರ್) ಅಂಟಿಸುವ ಮೊದಲು ಗ್ಲಾಸ್ ವಾರ್ನಿಷ್ ಬೇಕೇ ಬೇಕು. ಒರಟು ಮೈ ಮೇಲೆ ಅಂಟಿಸಿದರೆ ಕೆಳಗೆ ಗಾಳಿ ಸಿಕ್ಕಿಕೊಂಡು ಬೆಳ್ಳಿಯ ಹಾಗೆ ಹೊಳೆಯುತ್ತದೆ. ನಿಜದಲ್ಲಿ 150 ಮಿಲಿಮೀಟರ್ ಎತ್ತರದ ಅಕ್ಷರ ಎಚ್‌ಓದಲ್ಲಿ 1.7 ಮಿಲಿಮೀಟರ್. ಅಷ್ಟು ಸಣ್ಣದರಲ್ಲೂ ಕನ್ನಡ ಅಕ್ಷರ ಓದಲು ಬರುತ್ತದೆ, ಒತ್ತಕ್ಷರ ಮಾತ್ರ ಮುದ್ದೆಯಾಗುತ್ತದೆ. ಹಾಗಾಗಿ "ಹುಬ್ಬಳ್ಳಿ" ಬರೆಯುವಾಗ ಒತ್ತನ್ನು ಒಂದು ಕೂದಲೆಳೆ ಕೆಳಗೆ ಇಳಿಸಿ ಪ್ರಿಂಟ್ ಮಾಡಿಸಿ. ಮಾಮೂಲಿ ಪ್ರಿಂಟರಿನಲ್ಲಿ ಬಿಳಿ ಅಕ್ಷರ ಬರುವುದಿಲ್ಲ. ಬಿಳಿ ಡೆಕಾಲ್ ಪೇಪರಿನ ಮೇಲೆ ಅಕ್ಷರದ ಸುತ್ತ ಎಂಜಿನ್ನಿನ ಬಣ್ಣವನ್ನೇ ಪ್ರಿಂಟ್ ಮಾಡಿಸುವುದು ಒಂದು ದಾರಿ, ಆದರೆ ಬಣ್ಣ ಹೊಂದಿಸುವುದು ಕಷ್ಟ. ಬಿಳಿ ಟೋನರ್ ಇರುವ ಕಡೆ ಮಾಡಿಸುವುದೇ ಒಳ್ಳೆಯದು.

7. ಕೊಳೆ

ಈಗ ಎಲ್ಲರೂ ಕಾಯುವ ಹಂತ. ಒಂದೇ ದಿನದಲ್ಲಿ ಮುಗಿಸಬೇಡಿ. ಪ್ರತಿ ಪದರ ಒಣಗಲು ಒಂದು ದಿನ ಕೊಡಿ. ನಾನು ಮಾಡುವ ಕ್ರಮ ಇದು.

ಮೊದಲು ವಾಶ್, ಅಂದರೆ ಸಂದುಗಳಿಗೆ ಹರಿಸುವ ನೀರಿನಷ್ಟು ತೆಳು ಬಣ್ಣ. ಗಾಢ ಕಂದು ಬಣ್ಣ 1 ಭಾಗಕ್ಕೆ ತಿನ್ನರ್ 10 ಭಾಗ. ಬಾಡಿಯ ಬಣ್ಣ ಆಕ್ರಿಲಿಕ್ ಆದರೆ ವಾಶ್‌ಗೆ ಇನಾಮಲ್ ಮತ್ತು ಟರ್ಪೆಂಟೈನ್ ಬಳಸಿ. ಆಗ ಕೆಳಗಿನ ಬಣ್ಣ ಕರಗುವುದಿಲ್ಲ, ಬೇಡವಾದ ಕಡೆ ಒರೆಸಿಯೂ ಹಾಕಬಹುದು. ಬಾಗಿಲಿನ ಸಂದು, ಜಾಲರಿ, ಕೀಲುಗಳ ಹತ್ತಿರ ಬ್ರಷ್ ತುದಿ ತಾಗಿಸಿ. ಬಣ್ಣ ತಾನೇ ಸಂದಿಯೊಳಗೆ ಓಡುತ್ತದೆ. ಅರ್ಧ ಗಂಟೆ ಬಿಟ್ಟು, ಟರ್ಪೆಂಟೈನ್ ಸೋಕಿಸಿ ಹಿಂಡಿದ ಚಪ್ಪಟೆ ಬ್ರಷ್‌ನಿಂದ ಮೇಲಿನಿಂದ ಕೆಳಗೆ ಮಾತ್ರ ಎಳೆಯಿರಿ. ಅಡ್ಡ ಎಳೆಯಲೇಬೇಡಿ, ಮಳೆ ನೀರು ಅಡ್ಡ ಹರಿಯುವುದಿಲ್ಲ.

ಆಮೇಲೆ ತುಕ್ಕಿನ ಗೆರೆ. ತಗಡಿನ ಮಾಡಿನ ಫೋಟೋ ಮುಂದಿಟ್ಟುಕೊಳ್ಳಿ. ಬೋಲ್ಟ್, ಕೀಲು, ಬಣ್ಣ ಕೆತ್ತಿಹೋದ ಅಂಚು, ಇಂಥ ಕಡೆಯಿಂದ ಮಾತ್ರ ಗೆರೆ ಶುರುವಾಗಲಿ. ಒಂದು ಪಕ್ಕಕ್ಕೆ ಐದಾರು ಸಾಕು. ಓಡಾಡುವ ಎಂಜಿನ್‌ಗೆ ಶೆಡ್ಡಿನಲ್ಲಿ ಆರೈಕೆ ಆಗುತ್ತಿರುತ್ತದೆ, ಅದು ಗುಜರಿಗೆ ಬಿದ್ದ ಗಾಡಿಯಲ್ಲ.

ಮಸಿ. ಇಲ್ಲಿ ಎಂಜಿನ್ನಿನ ಜಾತಿ ಮುಖ್ಯ. ಅಮೆರಿಕದ ಆಲ್ಕೋ ಕಂಪನಿಯ ಹಳೆಯ ವಿನ್ಯಾಸದ ಡಬ್ಲ್ಯೂಡಿಎಂ-2, ಡಬ್ಲ್ಯೂಡಿಜಿ-3ಎ ಥರದವು ಥ್ರಾಟಲ್ ಏರಿಸಿದಾಗ ದಟ್ಟ ಕಪ್ಪು ಹೊಗೆ ಬಿಡುತ್ತವೆ. ಎಂಜಿನ್ನಿಗೆ ಗಾಳಿ ನುಗ್ಗಿಸುವ ಟರ್ಬೋ ವೇಗ ಹಿಡಿಯುವ ಮೊದಲೇ ಡೀಸೆಲ್ ಜಾಸ್ತಿ ಹೋಗುತ್ತದೆ, ಅದು ಪೂರ್ತಿ ಉರಿಯುವುದಿಲ್ಲ. ಅವಕ್ಕೆ ಹೊಗೆಕೊಳವೆಯ ಸುತ್ತ, ಮಾಡಿನ ಮೇಲೆ ಧಾರಾಳವಾಗಿ ಮಸಿ ಹಾಕಬಹುದು. ಇಎಂಡಿ ಎಂಜಿನ್‌ಗೆ ಅಷ್ಟು ಬೇಡ. ಕಪ್ಪು ಮತ್ತು ಕಂದು ಡ್ರೈ ಪೇಸ್ಟಲ್ ಕಡ್ಡಿಯನ್ನು ಪಾಲಿಶ್ ಪೇಪರಿಗೆ ಉಜ್ಜಿ ಪುಡಿ ಮಾಡಿ, ಮೃದು ಬ್ರಷ್‌ನಿಂದ ಹಚ್ಚಿ. ಕೊಳವೆಯ ಹತ್ತಿರ ಕಪ್ಪು, ದೂರ ಹೋದ ಹಾಗೆ ಕಂದು, ಬಚ್ಚಲೊಲೆಯ ಹೆಂಚಿನಲ್ಲಿ ನೋಡಿದ ಹಾಗೇ.

ಮರಳು. ಇದನ್ನು ತುಂಬಾ ಜನ ಮರೆಯುತ್ತಾರೆ. ಏರಿನಲ್ಲಿ, ಒದ್ದೆ ಹಳಿಯ ಮೇಲೆ ಚಕ್ರ ಜಾರದಂತೆ ಎಂಜಿನ್ ಒಣ ಮರಳನ್ನು ಪೈಪಿನಿಂದ ಚಕ್ರದ ಬುಡಕ್ಕೆ ಬಿಡುತ್ತದೆ. ಘಾಟಿಯ ಎಂಜಿನ್‌ನಲ್ಲಿ ಮರಳಿನ ಪೆಟ್ಟಿಗೆಯ ಮುಚ್ಚಳದ ಸುತ್ತ, ಪೈಪಿನ ತುದಿಯಲ್ಲಿ, ಪಕ್ಕದ ಚಕ್ರದ ಮೇಲೆ ತಿಳಿ ಬೂದು ಪುಡಿ ಹಿಡಿದಿರುತ್ತದೆ. ಈ ಒಂದು ತಿಳಿ ಬಣ್ಣ ಕಂದು ಕೊಳೆಯ ನಡುವೆ ಬಿದ್ದಾಗ ಎಂಜಿನ್ ಎಲ್ಲಿ ದುಡಿಯುತ್ತದೆ ಅನ್ನುವುದೇ ಹೇಳಿದ ಹಾಗಾಗುತ್ತದೆ. ಗುಡ್ಡದ ಊರಿನ ನಮಗೆ ಇದು ತಪ್ಪಬಾರದು.

ಕೆಂಪು ಮಣ್ಣು. ನಾನು ತೋಟದ ಮಣ್ಣನ್ನೇ ಒಣಗಿಸಿ, ಕುಟ್ಟಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದು ಬಳಸುತ್ತೇನೆ. ಬಣ್ಣದ ಅಂಗಡಿಯ ಯಾವ ಪುಡಿಯೂ ಇದರ ಹತ್ತಿರ ಬರುವುದಿಲ್ಲ. ಆದರೆ ಒಂದು ಎಚ್ಚರಿಕೆ. ಕೆಂಪು ಮಣ್ಣಿನಲ್ಲಿ ಆಯಸ್ಕಾಂತಕ್ಕೆ ಅಂಟುವ ಕಣಗಳು ಇರುತ್ತವೆ. ಅವು ಮೋಟಾರಿನ ಒಳಗೆ ಸೇರಿದರೆ ಮೋಟಾರ್ ಹಾಳಾಗುತ್ತದೆ. ಆಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಹರಡಿದ ಪುಡಿಯ ಮೇಲೆ ನಾಲ್ಕೈದು ಸಲ ಆಡಿಸಿ. ಕವರಿಗೆ ಅಂಟಿದ ಕಪ್ಪು ಕಣಗಳನ್ನು ಎಸೆಯಿರಿ. ಬಾಡಿಗೆ ಹಚ್ಚುವಾಗ ಚಾಸಿ ಬೇರೆ ಕೋಣೆಯಲ್ಲಿರಲಿ.

ಮಣ್ಣನ್ನು ಬಾಡಿಯ ಕೆಳ ಅಂಚಿಗೆ, ಮೆಟ್ಟಿಲಿಗೆ, ಮುಂಭಾಗದ ಕೆಳಭಾಗಕ್ಕೆ ಹಚ್ಚಿ. ಮೇಲೆ ಹೋದ ಹಾಗೆ ಕಮ್ಮಿ. ಮಳೆಗಾಲದ ಎಂಜಿನ್ ಆದರೆ ಮೇಲಿನ ಅರ್ಧ ಸ್ವಚ್ಛ ಇರಲಿ, ಬೇಸಿಗೆಯದಾದರೆ ಮಾಡಿನ ಮೇಲೂ ಧೂಳು ಕೂರಲಿ. ಎರಡನ್ನೂ ಬೆರೆಸಬೇಡಿ. ಪುಡಿ ಹಿಡಿಯಲು ಮೇಲೆ ಮ್ಯಾಟ್ ವಾರ್ನಿಷ್ ತೆಳುವಾಗಿ ಹೊಡೆಯಬೇಕು. ಹೊಡೆದ ತಕ್ಷಣ ಪುಡಿಯ ಅರ್ಧ ಬಣ್ಣ ಮಾಯವಾಗುತ್ತದೆ. ಹಾಗಾಗಿ ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ಹಚ್ಚಿಯೇ ಹೊಡೆಯಿರಿ, ಕೊನೆಗೆ ಇನ್ನೊಂದು ಸಲ ಪುಡಿ ಹಚ್ಚಿ ಹಾಗೇ ಬಿಡಿ.

ಕೊನೆಗೆ ಮನುಷ್ಯರ ಗುರುತು. ಮೆಟ್ಟಿಲ ನಡುವೆ ಬಣ್ಣ ಸವೆದು ಲೋಹ ಕಾಣಲಿ. ಬಾಗಿಲ ಪಕ್ಕದ ಕೈಹಿಡಿಗೆ ಎಚ್‌ಬಿ ಪೆನ್ಸಿಲಿನ ಸೀಸ ಉಜ್ಜಿ, ಗೇಟಿನ ಹಾಗೇ ಮಿರುಗುತ್ತದೆ. ಮುಂದಿನ ಗಾಜಿನಲ್ಲಿ ವೈಪರ್ ಆಡಿದ ಜಾಗ ಸ್ವಚ್ಛ, ಸುತ್ತ ಧೂಳು. ವೈಪರ್ ಆಕಾರಕ್ಕೆ ಮಾಸ್ಕಿಂಗ್ ಟೇಪ್ ಕತ್ತರಿಸಿ ಗಾಜಿಗೆ ಅಂಟಿಸಿ, ಕೊಳೆ ಹಚ್ಚಿ ಮುಗಿದ ಮೇಲೆ ಕೀಳಿ. ಎರಡು ನಿಮಿಷದ ಕೆಲಸ.

8. ಚಕ್ರ ಮತ್ತು ತಳ

ನಮ್ಮ ಬ್ರಾಡ್ ಗೇಜ್ 1676 ಮಿಲಿಮೀಟರ್. 87ರಿಂದ ಭಾಗಿಸಿದರೆ 19.3 ಬರುತ್ತದೆ. ಆದರೆ ಎಚ್‌ಓ ಹಳಿ 16.5 ಮಿಲಿಮೀಟರ್. ಹಾಗಾಗಿ ಮುಂದಿನಿಂದ ನೋಡಿದರೆ ಭಾರತೀಯ ಎಂಜಿನ್ನಿನ ಚಕ್ರಗಳು ಒಳಗೆ ಸರಿದ ಹಾಗೆ ಕಾಣುತ್ತವೆ. ಹಳಿಯನ್ನೇ ಬೇರೆ ಮಾಡಿಕೊಳ್ಳದೆ ಇದಕ್ಕೆ ಪೂರ್ತಿ ಪರಿಹಾರ ಇಲ್ಲ. ಆದರೆ ಬೋಗಿಯ (ಇಲ್ಲಿ ಡಬ್ಬಿಯಲ್ಲ, ಚಕ್ರಗಳನ್ನು ಹಿಡಿದಿರುವ ಚೌಕಟ್ಟು) ಒಳಮೈ ಮತ್ತು ಚಕ್ರದ ಒಳಪಕ್ಕಕ್ಕೆ ಗಾಢ ಬೂದು ಬಣ್ಣ ಹಚ್ಚಿದರೆ ಕಣ್ಣು ಅಲ್ಲಿಗೆ ಹೋಗುವುದಿಲ್ಲ. ಬೋಗಿಯ ಹೊರಮೈಗೆ ಬ್ರೇಕ್ ಧೂಳಿನ ಕಂದು, ಅದರ ಮೇಲೆ ಮಣ್ಣು. ಉಬ್ಬಿದ ಅಂಚುಗಳಿಗೆ ಬಹುತೇಕ ಒಣಗಿದ ಬ್ರಷ್‌ನಿಂದ ತಿಳಿ ಕಂದು ಸವರಿ.

ಹೊಳೆಯುವ ಚಕ್ರದ ಹೊರಮುಖಕ್ಕೂ ಬಣ್ಣ ಬೇಕು. ಹಳಿಗೆ ತಾಗುವ ಅಂಚಿಗೆ ಮಾತ್ರ ಒಂದು ಹನಿಯೂ ಬೀಳಬಾರದು, ಕರೆಂಟ್ ಹರಿಯುವುದು ಅಲ್ಲಿಂದಲೇ. ಬಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಿಂದ ತಕ್ಷಣ ಒರೆಸಿ.

ಎಂಜಿನ್ ಹಗುರ ಇದ್ದು ಏರಿನಲ್ಲಿ ಜಾರಿದರೆ ಒಳಗೆ ತೂಕ ಸೇರಿಸಿ. ಮೀನು ಗಾಳಕ್ಕೆ ಕಟ್ಟುವ ಸೀಸದ ಗುಂಡು ಸರಿಯಾಗುತ್ತದೆ. ಅದನ್ನು ಬಿಳಿ ಮರದ ಗೋಂದಿನಲ್ಲಿ ಅಂಟಿಸಬೇಡಿ. ಗೋಂದು ಸೀಸದ ಜೊತೆ ನಿಧಾನಕ್ಕೆ ಕೆಲಸ ಮಾಡಿ, ಕೆಲವು ವರ್ಷದಲ್ಲಿ ಉಬ್ಬಿ ಬಾಡಿಯನ್ನೇ ಸೀಳುತ್ತದೆ. ಎಪಾಕ್ಸಿ ಬಳಸಿ. ಸೀಸ ಮುಟ್ಟಿದ ಕೈ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ.

9. ಬೆಳಕು

ನೀಲಿ ಛಾಯೆಯ ಎಲ್‌ಇಡಿ ತೆಗೆದು ಬೆಚ್ಚನೆ ಬಿಳಿಯದು ಹಾಕಿ. 12 ವೋಲ್ಟಿಗೆ 1 ಕಿಲೋಓಮ್ ರೆಸಿಸ್ಟರ್ ಸರಣಿಯಲ್ಲಿ ಇದ್ದರೆ ಸುಮಾರು 9 ಮಿಲಿಆಂಪ್ ಹರಿಯುತ್ತದೆ, ಅಷ್ಟು ಸಾಕು. ಬಾಡಿಯ ಪ್ಲಾಸ್ಟಿಕ್ ಮೂಲಕ ಬೆಳಕು ಹೊರಗೆ ಕಾಣುತ್ತಿದ್ದರೆ ಒಳಗೆ ಕಪ್ಪು ಬಣ್ಣ ಹಚ್ಚಿ.

10. ಓಡಿಸುವುದು

ಎಷ್ಟೇ ಚೆನ್ನಾಗಿ ಬಣ್ಣ ಹಚ್ಚಿದರೂ ಎಂಜಿನ್ ಬಾಣದ ಹಾಗೆ ಹೊರಟರೆ ಎಲ್ಲಾ ಮುಗಿಯಿತು. 30 ಕಿಲೋಮೀಟರ್ ವೇಗದಲ್ಲಿ ಘಾಟಿ ಹತ್ತುವ ಗಾಡಿ ಎಚ್‌ಓದಲ್ಲಿ ಒಂದು ಮೀಟರ್ ಹಳಿ ದಾಟಲು 10 ಸೆಕೆಂಡಿಗಿಂತ ಜಾಸ್ತಿ ತೆಗೆದುಕೊಳ್ಳಬೇಕು. 60 ಕಿಲೋಮೀಟರ್ ಆದರೆ 5 ಸೆಕೆಂಡ್ ಚಿಲ್ಲರೆ. ಹಳಿಯ ಪಕ್ಕ ಒಂದು ಮೀಟರ್ ದೂರಕ್ಕೆ ಎರಡು ಗುರುತು ಹಾಕಿ, ಫೋನಿನ ಸ್ಟಾಪ್‌ವಾಚ್ ಇಟ್ಟು ಅಳೆಯಿರಿ. ನಾವು ಸುಮ್ನೆ ಓಡಿಸುವ ವೇಗ ಎಷ್ಟು ಜಾಸ್ತಿ ಎಂದು ಮೊದಲ ಸಲಕ್ಕೇ ಗೊತ್ತಾಗುತ್ತದೆ.

ಡಿಸಿಸಿ ಡಿಕೋಡರ್ (ಹಳಿಯ ಮೂಲಕ ಬರುವ ಡಿಜಿಟಲ್ ಆಜ್ಞೆಯಂತೆ ಎಂಜಿನ್ ನಡೆಸುವ ಚಿಪ್) ಇದ್ದರೆ ಅದರ ಸೆಟ್ಟಿಂಗ್‌ಗಳಿಗೆ ಸಿವಿ ಎಂದು ಹೆಸರು. ಸಿವಿ 3 ವೇಗ ಏರುವುದನ್ನು, ಸಿವಿ 4 ಇಳಿಯುವುದನ್ನು ನಿಧಾನ ಮಾಡುತ್ತದೆ. ಎರಡನ್ನೂ ಸ್ವಲ್ಪ ಸ್ವಲ್ಪವೇ ಏರಿಸಿ ನೋಡಿ. ಸಿವಿ 2 ಹೊರಡುವಾಗಿನ ವೋಲ್ಟೇಜ್. ಮೊದಲ ಸ್ಟೆಪ್ಪಿನಲ್ಲೇ ಚಕ್ರ ಮೆಲ್ಲಗೆ ಉರುಳುವಷ್ಟಕ್ಕೆ ಅದನ್ನು ಇಡಿ. ಮಾಮೂಲಿ ಡಿಸಿ ಕಂಟ್ರೋಲರ್ ಇರುವವರು ಕೈಯನ್ನೇ ಪಳಗಿಸಬೇಕು. ನಿಲ್ಲಿಸುವಾಗ ಅರ್ಧ ಮೀಟರ್ ಮೊದಲೇ ಇಳಿಸಲು ಶುರು ಮಾಡಿ.

11. ಮಳೆಗಾಲಕ್ಕೆ ಎತ್ತಿಡುವುದು

ರಟ್ಟಿನ ಪೆಟ್ಟಿಗೆಗೆ ನಮ್ಮಲ್ಲಿ ಒಂದೇ ಮಳೆಗಾಲದಲ್ಲಿ ಬೂಷ್ಟು ಬರುತ್ತದೆ. ಸ್ಪಂಜು ಹಳೆಯದಾದರೆ ಬಣ್ಣಕ್ಕೆ ಅಂಟಿಕೊಳ್ಳುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ತನ್ನಿ. ಎಂಜಿನ್ನನ್ನು ಬಿಳಿ ಟಿಶ್ಯೂನಲ್ಲಿ ಸಡಿಲವಾಗಿ ಸುತ್ತಿ ಒಳಗಿಡಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ಬಣ್ಣ ಬದಲಾಗುವ ಕಿತ್ತಳೆ ಜೆಲ್ ಸಿಕ್ಕರೆ ಅದನ್ನೇ ಕೊಳ್ಳಿ, ನೀಲಿಯದರಲ್ಲಿ ಕೋಬಾಲ್ಟ್ ವಿಷ ಇರುತ್ತದೆ. ಕಿತ್ತಳೆ ಹಸಿರಾದರೆ ಅದು ಕುಡಿಯುವಷ್ಟು ತೇವ ಕುಡಿದಿದೆ ಎಂದರ್ಥ. ಓವನ್ನಿನಲ್ಲಿ 120 ಡಿಗ್ರಿಗೆ ಒಂದೆರಡು ಗಂಟೆ ಇಟ್ಟರೆ ಮತ್ತೆ ಕಿತ್ತಳೆಯಾಗುತ್ತದೆ. ಜುಲೈನಲ್ಲಿ ನಾನು ಎರಡು ವಾರಕ್ಕೊಮ್ಮೆ ನೋಡುತ್ತೇನೆ. ಹಳಿ ಕೊಳ್ಳುವಾಗ ಉಕ್ಕಿನದು ಬಿಟ್ಟು ನಿಕಲ್ ಸಿಲ್ವರ್ ಕೊಳ್ಳಿ, ತುಕ್ಕು ಹಿಡಿಯುವುದಿಲ್ಲ.

ತಿಂಗಳಿಗೊಮ್ಮೆ ಎಂಜಿನ್ ಹೊರತೆಗೆದು ಐದು ನಿಮಿಷ ಓಡಿಸಿ, ಗೇರಿನ ಎಣ್ಣೆ ಗಟ್ಟಿಯಾಗದೆ ಇರುತ್ತದೆ. ಎತ್ತುವಾಗ ತಳದಿಂದ ಹಿಡಿಯಿರಿ. ಮೇಲಿನ ಮಣ್ಣಿನ ಪುಡಿಯ ಕೊನೆಯ ಪದರಕ್ಕೆ ವಾರ್ನಿಷ್ ಹೊಡೆದಿಲ್ಲ, ಬೆರಳು ತಾಗಿದರೆ ಗುರುತು ಬೀಳುತ್ತದೆ. ಬಿದ್ದರೆ ಅದೇ ತೋಟದ ಮಣ್ಣಿನ ಡಬ್ಬಿ ತೆಗೆದು ಬ್ರಷ್‌ನಿಂದ ಒಂದು ಚೂರು ಸವರಿ.